ದರ್ಜಿಯ ಹೆಬ್ಬೆರಳು

1865ನೆಯ ಇಸವಿಯ ಮೇ ತಿಂಗಳು. ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಕಪ್ಪುಕಾಡು ಎಂದು ಹೆಸರಾದ ಬೆಟ್ಟಸಾಲಿನ ಬುಡದಲ್ಲಿರುವ ಫ್ರೈಬುರ್ಗ್ ಪಟ್ಟಣದ ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ 27 ವರ್ಷದ ತರುಣನೊಬ್ಬನು ನಡೆದುಕೊಂಡು ಬಂದನು. ಕಸುಬಿನಿಂದ ಅವನು ದರ್ಜಿ. ಸ್ವಂತ ಅಂಗಡಿಯಿಲ್ಲದೆ ಯಜಮಾನರ ಕೈಕೆಳಗೆ ಕೂಲಿಗೆ ಹೊಲಿಯುತ್ತಿದ್ದವನು. ಎರಡು ಅಂತಸ್ತಿನ ಮೆಟ್ಟಿಲನ್ನು ಅವನು ತಾನಾಗಿಯೇ ಏರಿದನು. ಏರಿದ ಮೇಲೆ ಎಷ್ಟು ನಿತ್ರಾಣನಾದನೆಂದರೆ ಕೂಡಲೇ ಅವನನ್ನು ಹಾಸಿಗೆಯ ಮೇಲೆ ಮಲಗಿಸಬೇಕಾಯಿತು. ಜ್ವರವಿತ್ತು, ನಾಡಿ ಓಡುತ್ತಿತ್ತು. ಇವುಗಳ ಜೊತೆಗೆ ಅವನು ಹೇಳಿಕೊಂಡ ಇನ್ನೊಂದು ತೊಂದರೆ ನೋಡುವವರಿಗೆ ಅಲ್ಪವಾಗಿ ಕಾಣುವಂಥದು: ಬಲಗೈಯ ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳುಗಳು ಜೋಮು ಹಿಡಿದಿದ್ದವು.

ದರ್ಜಿಯ ಪಾಲಿಗೆ ಅದು ಅಲ್ಪವಲ್ಲವೆಂದು ಹೇಳಬೇಕಾಗಿಲ್ಲ. ಸೂಜಿಯನ್ನು ಹಿಡಿಯುವ ಬೆರಳುಗಳೇ ಅವು.

ಅವನನ್ನು ನೋಡಿಕೊಂಡ ವೈದ್ಯರು ಅಡಾಲ್ಫ್ ಕುಸ್ಮೌಲ್. ರೋಗವು ಯಾವುದೆಂದು ತಿಳಿಯುವ ಮೊದಲೇ ರೋಗಿಯ ಗತಿ ಏನಾಗುವುದೆಂದು ತಿಳಿದುಬಿಡುವ ಕೆಲವು ಪ್ರಸಂಗಗಳು ವೈದ್ಯರ ಬಾಳಿನಲ್ಲಿ ಬರುತ್ತವೆ. ಈ ತರುಣನನ್ನು ಕಂಡೊಡನೆ ಕುಸ್ಮೌಲರಿಗೆ ಹಾಗೆಯೇ ಅನ್ನಿಸಿತು. ಅವರ ಅಳುಕು ಸುಳ್ಳಾಗಲಿಲ್ಲ. ಜೋಮು ಎಡಗೈಗೂ ಹಬ್ಬಿತು. ಕೈಗಳು ಬಿದ್ದವು, ಕಾಲುಗಳು ಬಿದ್ದವು. ಹೊಟ್ಟೆಯಲ್ಲಿ ತಡೆಯಲಾರದ ನೋವು, ಮಾಂಸಖಂಡಗಳಲ್ಲಿ ನೋವು. ಮೆಟ್ಟಿಲೇರಿ ಬಂದವನು ಕೆಲವೇ ವಾರಗಳಲ್ಲಿ ಇನ್ನೊಬ್ಬರು ತುತ್ತಿಟ್ಟರೆ ಉಣ್ಣುವ ಸ್ಥಿತಿಗೆ ಬಂದನು. ಕಡೆಕಡೆಗೆ ಮಾತೂ ಕ್ಷೀಣವಾಯಿತು. ಉಳಿದಿದ್ದ ಅಲ್ಪ ಧ್ವನಿಯಲ್ಲಿ, ತನ್ನನ್ನು ಒಂಟಿಯಾಗಿ ಬಿಟ್ಟುಹೋಗಬೇಡಿರೆಂದು ಅವನು ವೈದ್ಯರನ್ನು ಬೇಡಿಕೊಳ್ಳುತ್ತಿದ್ದನಂತೆ. ಹೊಟ್ಟೆ ಮತ್ತು ಎದೆಯ ಚರ್ಮದ ಕೆಳಗೆ ಕೈಗೆ ಸಿಕ್ಕುವಂಥ ಸಣ್ಣ ಗಂಟುಗಳು ಎದ್ದವು. ಆಸ್ಪತ್ರೆ ಸೇರಿ ಸುಮಾರು ಒಂದು ತಿಂಗಳಾಗುವಷ್ಟರಲ್ಲಿ ಅವನು ತೀರಿಕೊಂಡನು.

ಮೂಲತಃ ಕುಸ್ಮೌಲರು ಹಳ್ಳಿಯ ವೈದ್ಯರು. ಕಪ್ಪುಕಾಡಿನ ಅಂಚಿನ ಕಾಂಡರ್ನ್ ಎಂಬ ಊರಿನಲ್ಲಿ ವೃತ್ತಿ ನಡೆಸುತ್ತಿದ್ದು, ಕಾಯಿಲೆಬಿದ್ದು ಅದನ್ನು ಬಿಟ್ಟು, ಮತ್ತೆ ವಿದ್ಯಾರ್ಥಿಯಾಗಿ ಪ್ರಸಿದ್ಧ ವಿಜ್ಞಾನಿ ವಿರ್ಕೊ ಅವರ ಬಳಿ ಕಲಿತವರು. ವಿನೋದಪ್ರಿಯರು, ಗೆಳೆಯನೊಡನೆ ಸೇರಿ ಹಾಸ್ಯಪದ್ಯಗಳನ್ನು ಬರೆದವರು. ಮುಂದೆ 1868ರಲ್ಲಿ, ಕತ್ತಿ ನುಂಗುವ ಜಾದೂಗಾರನೊಬ್ಬನನ್ನು ಕರೆಸಿ, ಅವನ ಗಂಟಲಿನ ಮೂಲಕ ಕೊಳವೆಯಿಳಿಸಿ ಜೀವಂತ ಮನುಷ್ಯನ ಹೊಟ್ಟೆಯ ಒಳಗನ್ನು ನೋಡಲು ಹೊರಟ ಮೊದಲಿಗರೂ ಅವರೇ. ಇಂಥವರು ಕಾರಣ ತಿಳಿಯದ ಸಾವೊಂದನ್ನು ಹಾಗೆಯೇ ಬಿಟ್ಟಾರೆ? ಸಹೋದ್ಯೋಗಿ ರುಡಾಲ್ಫ್ ಮೈಯರ್ ಎಂಬ ರೋಗಶಾಸ್ತ್ರಜ್ಞರೊಡನೆ ಅವರು ಶವಪರೀಕ್ಷೆಗೆ ನಿಂತರು.

ಒಳಗೆ ಕಂಡದ್ದು ಅವರು ಹಿಂದೆಂದೂ ಕಾಣದ ನೋಟ. ಹೃದಯ, ಕರುಳು, ಮೂತ್ರಪಿಂಡ, ಮಾಂಸಖಂಡ - ಇವುಗಳಿಗೆ ರಕ್ತವನ್ನು ಒಯ್ಯುವ ಮಧ್ಯಮಗಾತ್ರದ ಧಮನಿಗಳ ಉದ್ದಕ್ಕೂ ಗಂಟುಗಳು. ಕೆಲವು ಗಸಗಸೆಯಷ್ಟು, ಕೆಲವು ಬಟಾಣಿಯಷ್ಟು. ದಾರದಲ್ಲಿ ಅಲ್ಲಲ್ಲಿ ಗಂಟು ಬಿದ್ದರೆ ಹೇಗೋ ಹಾಗೆ. ವಿಧಿಯ ಈ ವ್ಯಂಗ್ಯವನ್ನು ಆ ದರ್ಜಿಯು ನೋಡಲಿಲ್ಲ.

ಮೊದಲು ಇಬ್ಬರೂ ಎಡವಿದರು. ಆ ಕಾಲದ ಜರ್ಮನಿಯಲ್ಲಿ ಹಂದಿಮಾಂಸದ ಮೂಲಕ ದೇಹ ಸೇರುವ ಹುಳುಗಳ ಭೀತಿ ಪ್ರಬಲವಾಗಿತ್ತು. ಕುದುರೆಗಳ ಧಮನಿಗಳಲ್ಲಿ ಹುಳುಗಳಿಂದ ಉಬ್ಬುಗಳಾಗುವುದೂ ತಿಳಿದಿತ್ತು. ಇದೂ ಅಂಥದೇ, ಮನುಷ್ಯನ ಧಮನಿಯಲ್ಲಿ ಹೊಕ್ಕ ಹುಳುವಿನ ಕೆಲಸವೆಂದು ಅವರು ಪ್ರಾಥಮಿಕ ವರದಿಯೊಂದನ್ನು ಪ್ರಕಟಿಸಿಯೂ ಬಿಟ್ಟರು. ಮತ್ತೆ ಸೂಕ್ಷ್ಮದರ್ಶಕದ ಮುಂದೆ ಕುಳಿತಾಗ ಹುಳುವಿಲ್ಲವೆಂದು ಮನವರಿಕೆಯಾಯಿತು. 1866ರಲ್ಲಿ ಬಂದ ಅವರ ದೀರ್ಘ ಪ್ರಬಂಧದಲ್ಲಿ, ಇದು ಈವರೆಗೆ ಯಾರೂ ವರ್ಣಿಸದ ಒಂದು ವಿಚಿತ್ರ ಧಮನಿರೋಗವೆಂದು ಸಾರಿ, 'ಪೆರಿಆರ್ಟರೈಟಿಸ್ ನೊಡೋಸ' ಎಂಬ ಹೆಸರನ್ನಿಟ್ಟರು. ಧಮನಿಯ ಸುತ್ತಲಿನ ಗಂಟುಗಂಟಾದ ಉರಿಯೂತ ಎಂದು ಅದರ ಅರ್ಥ. ಅಚ್ಚಾದ ತಪ್ಪನ್ನು ಅಚ್ಚಿನಲ್ಲಿಯೇ ತಿದ್ದಿಕೊಳ್ಳುವುದು ವಿದ್ವಾಂಸರಲ್ಲಿ ಎಷ್ಟು ಅಪರೂಪವೆಂದು ಬಲ್ಲವರಿಗೆ ಈ ಪ್ರಸಂಗದ ಬೆಲೆ ತಿಳಿಯುತ್ತದೆ.

ಅವರಿಗಿಂತ ಮೊದಲು ಇದನ್ನು ಕಂಡವರೇ ಇರಲಿಲ್ಲವೆಂದಲ್ಲ. ವಿಯೆನ್ನಾದ ರೊಕಿಟಾನ್‌ಸ್ಕಿ ಅವರು 1852ರಲ್ಲಿಯೇ ಜೋಡು ಹೊಲಿಯುವ ತರುಣನೊಬ್ಬನ ಶವದಲ್ಲಿ ಇಂಥ ಉಬ್ಬುಗಳನ್ನು ಕಂಡು ವರ್ಣಿಸಿದ್ದರು. ಆದರೆ ಆ ಉಬ್ಬುಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವ ಗೋಜಿಗೆ ಅವರು ಹೋಗಲಿಲ್ಲ. ಅದನ್ನು ನೋಡಲು ಮತ್ತೊಬ್ಬ ವಿದ್ವಾಂಸರು ಬರುವ ಹೊತ್ತಿಗೆ ಮೂವತ್ತೈದು ವರ್ಷಗಳು ಸಂದಿದ್ದವು. ಉರಿಯೂತವು ಧಮನಿಯ ಸುತ್ತ ಮಾತ್ರವಲ್ಲ, ಅದರ ಗೋಡೆಯ ಎಲ್ಲ ಪದರಗಳಲ್ಲಿಯೂ ಇರುವುದೆಂದು ತಿಳಿದ ಮೇಲೆ 1903ರಲ್ಲಿ ಹೆಸರು ಬದಲಾಯಿತು. ಇಂದು ವೈದ್ಯರು ಅದನ್ನು 'ಪಾಲಿಆರ್ಟರೈಟಿಸ್ ನೊಡೋಸ' ಎನ್ನುತ್ತಾರೆ.

ನರಕ್ಕೂ ಹಸಿವುಂಟು

ರೋಗವಿದ್ದದ್ದು ರಕ್ತನಾಳಗಳಲ್ಲಿ, ಬಿದ್ದುಹೋದದ್ದು ಕೈಕಾಲು. ಇವೆರಡಕ್ಕೂ ಏನು ನಂಟು?

ನರವೆಂದರೆ ವಿದ್ಯುತ್ತಿನ ತಂತಿಯಂತೆ ಎಂದು ಶಾಲೆಯ ಪಾಠದಲ್ಲಿ ಓದಿದ ನೆನಪು ಅನೇಕರಿಗೆ ಇದ್ದೀತು. ಹೋಲಿಕೆ ಅರ್ಧ ಸರಿ. ತಂತಿಗೆ ಊಟ ಬೇಡ, ನರಕ್ಕೆ ಬೇಕು. ಕಾಲ್ಬೆರಳಿನ ತುದಿಗೆ ಹೋಗುವ ಒಂದೊಂದು ನರತಂತುವೂ ಸೊಂಟದ ಬಳಿ ಬೆನ್ನೆಲುಬಿನ ಆಸುಪಾಸಿನಲ್ಲಿ ಇರುವ ಒಂದು ಜೀವಕೋಶದಿಂದ ಹೊರಟದ್ದು. ಕಣ್ಣಿಗೆ ಕಾಣದಷ್ಟು ಸಣ್ಣ ಕೋಶದ ಬಾಲ ಸುಮಾರು ಒಂದು ಮೀಟರ್ ಉದ್ದ! ಅಷ್ಟು ದೂರದ ತುದಿಯನ್ನು ಬದುಕಿಸಿಡಲು ಕೋಶವೊಂದರಿಂದಲೇ ಆಗದು. ದಾರಿಯುದ್ದಕ್ಕೂ ಪ್ರಾಣವಾಯು ಮತ್ತು ಪೋಷಣೆ ಸಿಕ್ಕುತ್ತಿರಬೇಕು. ಅದಕ್ಕಾಗಿ ಪ್ರತಿಯೊಂದು ನರದ ಹೊದಿಕೆಯಲ್ಲಿಯೂ ಕೂದಲಿನಷ್ಟು, ಇಲ್ಲವೆ ಅದಕ್ಕಿಂತ ತುಸು ದಪ್ಪದ ಧಮನಿಗಳು ಹೆಣೆದುಕೊಂಡಿವೆ. ನರವನ್ನು ಸಾಕುವ ನಾಳಗಳು ಇವು.

ಪ್ರಕೃತಿ ಈ ವ್ಯವಸ್ಥೆಯಲ್ಲಿ ಜಿಪುಣತನ ತೋರಿಲ್ಲ. ಒಂದು ನಾಳ ಕಟ್ಟಿದರೆ ಪಕ್ಕದ್ದು ಆ ಭಾರವನ್ನು ಹೊರುತ್ತದೆ. ಆದುದರಿಂದ ಒಂದೆರಡು ನಾಳಗಳು ಮುಚ್ಚಿದ ಮಾತ್ರಕ್ಕೆ ನರ ಸಾಯುವುದಿಲ್ಲ. ಒಮ್ಮೆಗೇ ಅನೇಕ ನಾಳಗಳು ಕೆಡಬೇಕು. ರಕ್ತನಾಳಗಳ ಉರಿಯೂತದಲ್ಲಿ ಆಗುವುದು ಅದೇ. ನಾಳದ ಗೋಡೆ ಊದಿಕೊಂಡು ಒಳದಾರಿ ಕಿರಿದಾಗುತ್ತದೆ. ಗೋಡೆಯ ಭಾಗಗಳು ಕೊಳೆತಂತಾಗುತ್ತವೆ. ರಕ್ತ ಹೆಪ್ಪುಗಟ್ಟಿ ಉಳಿದ ದಾರಿಯನ್ನೂ ಮುಚ್ಚುತ್ತದೆ. ಎರಡು ತೂಬುಗಳ ನೀರನ್ನು ನಂಬಿದ ಗದ್ದೆ ಬಯಲನ್ನು ನೋಡಿದವರು ಬಲ್ಲರು: ನೀರಿಗೆ ಬರ ಬಂದಾಗ ಮೊದಲು ಒಣಗುವುದು ಎರಡು ಕಾಲುವೆಗಳೂ ಕೊನೆಗಾಣುವ ನಡುವಿನ ಗದ್ದೆ. ನರದಲ್ಲಿಯೂ ಅಂಥ ನಡುಗದ್ದೆಗಳಿವೆ. ತೊಡೆಯ ಮಧ್ಯಭಾಗ ಮತ್ತು ತೋಳಿನ ಮಧ್ಯಭಾಗಗಳಲ್ಲಿ ನರಕ್ಕೆ ಮೇಲಿನ ಧಮನಿಯ ಸರಬರಾಜು ಮುಗಿದು ಕೆಳಗಿನದು ಮೊದಲಾಗುವ ಸೀಮೆಯಿದೆ. ಪೆಟ್ಟು ಬೀಳುವುದು ಹೆಚ್ಚಾಗಿ ಅಲ್ಲಿ. ಅಲ್ಲಿಂದ ಕೆಳಗಿನ ತಂತುಗಳು ಬೇರು ಕಡಿದ ಬಳ್ಳಿಯಂತೆ ಕೆಲವೇ ದಿನಗಳಲ್ಲಿ ಬಾಡಿಹೋಗುತ್ತವೆ. ಕಡಿದ ನರದ ಕೆಳತುದಿ ಹೀಗೆ ಶಿಥಿಲವಾಗುವುದನ್ನು ಕಪ್ಪೆಯ ನಾಲಗೆಯ ನರಗಳಲ್ಲಿ 1850ರಲ್ಲಿ ತೋರಿಸಿಕೊಟ್ಟವರು ಆಗಸ್ಟಸ್ ವಾಲರ್ ಎಂಬ ಆಂಗ್ಲ ವಿಜ್ಞಾನಿ.

ಹಾಗಾದರೆ ನಾಳಗಳಿಗೆ ಉರಿಯೂತ ಹತ್ತಿಸುವವರು ಯಾರು? ಹುಳುವಲ್ಲ, ಬಹುಪಾಲು ಪ್ರಸಂಗಗಳಲ್ಲಿ ಕ್ರಿಮಿಯೂ ಅಲ್ಲ. ಹೊರಗಿನ ಶತ್ರುಗಳಿಂದ ದೇಹವನ್ನು ಕಾಯಬೇಕಾದ ರಕ್ಷಣಾಪಡೆಯೇ ದಿಕ್ಕು ತಪ್ಪಿ ಸ್ವಂತ ನಾಳಗಳ ಮೇಲೆ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ಇದಕ್ಕೆಂದೇ ಹುಟ್ಟಿದಂತಿದೆ. 1985ರಲ್ಲಿ ನೆದರ್‌ಲೆಂಡ್ಸಿನ ವಾನ್ ಡರ್ ವೌಡ ಮತ್ತು ಸಂಗಡಿಗರು ಇಂಥ ರೋಗಗಳ ಒಂದು ವರ್ಗದಲ್ಲಿ ವಿಶಿಷ್ಟವಾದ ಪ್ರತಿಕಾಯವೊಂದನ್ನು ಗುರುತಿಸಿದರು. 'ಆಂಕಾ' ಎಂಬ ಹ್ರಸ್ವನಾಮದಿಂದ ಅದು ಪ್ರಸಿದ್ಧವಾಗಿದೆ. ಕ್ರಿಮಿಗಳಿಗೆ ಅಂಟಿಕೊಳ್ಳಬೇಕಾದ ಪ್ರತಿಕಾಯವು ಇಲ್ಲಿ ದೇಹದ ಬಿಳಿರಕ್ತಕಣಗಳಿಗೇ ಅಂಟಿಕೊಂಡು ಅವುಗಳನ್ನು ಕೆರಳಿಸುತ್ತದೆ. ಕೆರಳಿದ ಕಣಗಳು ನಾಳದ ಗೋಡೆಗೆ ಹತ್ತಿ ತಮ್ಮಲ್ಲಿರುವ ವಿಷವನ್ನು ಅಲ್ಲಿಯೇ ಸುರಿಯುತ್ತವೆ. ದರ್ಜಿಗೆ ಬಂದಂಥ ರೋಗದಲ್ಲಿ ಈ ಪ್ರತಿಕಾಯ ಸಾಮಾನ್ಯವಾಗಿ ಕಾಣುವುದಿಲ್ಲ. ಬೇಲಿ ಮೇಯುವ ದಾರಿಗಳು ಒಂದಲ್ಲ, ಹಲವು.

ಒಂದು ದಾರಿಯ ಕಥೆಯಂತೂ ಸಂತೋಷದ್ದು. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ಸಿಗೂ ದರ್ಜಿಯ ರೋಗಕ್ಕೂ ಸಂಬಂಧವಿದೆಯೆಂದು 1970ರಲ್ಲಿ ಅಮೆರಿಕ ಮತ್ತು ಫ್ರಾನ್ಸಿನ ವೈದ್ಯರು ಕಂಡುಕೊಂಡರು. ವೈರಸ್ಸು ಮತ್ತು ಅದರ ವಿರುದ್ಧ ಹುಟ್ಟಿದ ಪ್ರತಿಕಾಯಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗಿ ನಾಳಗಳಲ್ಲಿ ತಂಗುತ್ತವೆ. ದಾನಿಗಳ ರಕ್ತವನ್ನು ಪರೀಕ್ಷಿಸುವುದು, ಎಳೆಯ ಮಕ್ಕಳಿಗೆ ಲಸಿಕೆ ಹಾಕುವುದು ರೂಢಿಯಾದಂತೆಲ್ಲ ಈ ಬಗೆಯ ರೋಗವು ಅನೇಕ ದೇಶಗಳಲ್ಲಿ ಇಳಿಮುಖವಾಯಿತು. ಯಕೃತ್ತನ್ನು ಕಾಯಲೆಂದು ಹಾಕಿದ ಲಸಿಕೆ ಬೆರಳುಗಳನ್ನೂ ಕಾಯ್ದಿತು.

ಹೊಸ್ತಿಲು ಎಡವಿದಾಗ

ದರ್ಜಿಗೆ ಬಂದದ್ದು ಅಪರೂಪದ ರೋಗವೆಂಬುದು ನಿಜ. ಆದರೆ ರಕ್ತನಾಳಗಳ ಉರಿಯೂತವೆಂಬುದು ಒಂದೇ ರೋಗವಲ್ಲ, ಒಂದು ಮನೆತನ. ನ್ಯೂಯಾರ್ಕಿನ ಜೇಕಬ್ ಚರ್ಗ್ ಮತ್ತು ಲಾಟೆ ಸ್ಟ್ರಾಸ್ ಎಂಬ ವೈದ್ಯರು 1951ರಲ್ಲಿ 13 ರೋಗಿಗಳನ್ನು ಕುರಿತು ಬರೆದರು. ಇವರೆಲ್ಲರಿಗೂ ಉಬ್ಬಸವಿತ್ತು, ರಕ್ತದಲ್ಲಿ ಒಂದು ಬಗೆಯ ಬಿಳಿಕಣಗಳು ವಿಪರೀತವಾಗಿದ್ದವು, ನಾಳಗಳು ಊದಿದ್ದವು. ಮೂಗು, ಶ್ವಾಸಕೋಶ, ಮೂತ್ರಪಿಂಡಗಳನ್ನು ಹಿಡಿಯುವ ಇನ್ನೊಂದು ಬಗೆಯಿದೆ. ಕೀಲುವಾತದ ರೋಗವು ಬಹುಕಾಲ ಉಳಿದವರಲ್ಲಿ ಕಾಣುವುದು ಮತ್ತೊಂದು. ದರ್ಜಿಯ ರೋಗದಲ್ಲಿಯೂ ಚರ್ಗ್ ಮತ್ತು ಸ್ಟ್ರಾಸ್ ವರ್ಣಿಸಿದ ರೋಗದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ನರಗಳಿಗೆ ಹಾನಿ ತಟ್ಟುತ್ತದೆ. ಬೇರೆಲ್ಲಿಯೂ ಚಿಹ್ನೆಯಿಲ್ಲದೆ ನರಗಳ ನಾಳಗಳನ್ನು ಮಾತ್ರವೇ ಹಿಡಿಯುವ ಬಗೆಯೂ ಉಂಟೆಂದು 1987ರಲ್ಲಿ ಅಮೆರಿಕದ ಪೀಟರ್ ಡಿಕ್ ಮತ್ತು ಸಂಗಡಿಗರು ತೋರಿಸಿದರು. ವೈದ್ಯರನ್ನು ಬಹಳ ಕಾಡುವುದು ಈ ಕಡೆಯದು. ಜ್ವರವಿಲ್ಲ, ಮೂತ್ರದಲ್ಲಿ ದೋಷವಿಲ್ಲ, ರಕ್ತದಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ, ಆದರೆ ಪಾದ ಮಾತ್ರ ಬಿದ್ದಿದೆ.

ಮನೆಯಲ್ಲಿ ಇದು ಮೊದಲು ಕಾಣಿಸಿಕೊಳ್ಳುವ ರೀತಿ ಬಹು ಸಾಮಾನ್ಯವಾದದ್ದು. ಐವತ್ತು ದಾಟಿದ ಗೃಹಸ್ಥರೊಬ್ಬರಿಗೆ ರಾತ್ರಿ ಒಂದು ಮೀನಖಂಡದಲ್ಲಿ ಆಳವಾದ ನೋವು ಹುಟ್ಟುತ್ತದೆ. ಬೆಳಗಾಗುವ ಹೊತ್ತಿಗೆ ಪಾದದ ಮೇಲ್ಭಾಗ ಉರಿಯುತ್ತಿರುತ್ತದೆ. ಬಟ್ಟೆ ತಾಗಿದರೂ ಕೆಂಡ ತಾಗಿದಂತೆ. ನಡೆದರೆ ಚಪ್ಪಲಿ ಕಾಲಿನಿಂದ ಜಾರಿಹೋಗುತ್ತದೆ. ಹೊಸ್ತಿಲನ್ನು ಎಡವುತ್ತಾರೆ. ಪಾದವನ್ನು ಮೇಲೆತ್ತಲು ಆಗುವುದಿಲ್ಲ. ವಾಯುವೆಂದು ಹೇಳಿ ಮನೆಯವರು ಎಣ್ಣೆ ಬಿಸಿಮಾಡುತ್ತಾರೆ. ಎರಡು ವಾರ ಕಳೆಯುತ್ತದೆ. ಒಂದು ದಿನ ಬಲಗೈಯ ಮಣಿಕಟ್ಟು ಜೋಲುತ್ತದೆ, ಅಥವಾ ಕಿರುಬೆರಳು ಜೋಮು ಹಿಡಿಯುತ್ತದೆ. ಕಾಫಿಯ ಲೋಟ ಕೈಯಿಂದ ಬೀಳುತ್ತದೆ. ಮೊದಲು ಒಂದು ಕಾಲು, ಬಳಿಕ ಒಂದು ಕೈ, ಆಮೇಲೆ ಇನ್ನೊಂದು ಕಾಲು. ಒಂದು ನರ ಬಿಟ್ಟು ಇನ್ನೊಂದು ನರ, ಮೆಟ್ಟಿಲು ಮೆಟ್ಟಿಲಾಗಿ. ಈ ಅಸಮವಾದ ನಡೆಯೇ ಅದರ ಗುರುತು.

ಏಕೆಂದರೆ ಕಾಲು ಜೋಮು ಹಿಡಿಯುವುದಕ್ಕೆ ನಮ್ಮ ನಾಡಿನಲ್ಲಿ ಬೇರೆ ಕಾರಣಗಳು ಹೇರಳವಾಗಿವೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಮಧುಮೇಹ. ಆದರೆ ಮಧುಮೇಹದ ಜೋಮು ಬಹುಮಟ್ಟಿಗೆ ಎರಡು ಪಾದಗಳಲ್ಲಿಯೂ ಸಮವಾಗಿ, ಕಾಲುಚೀಲ ತೊಟ್ಟಂತೆ, ವರ್ಷಗಳುದ್ದಕ್ಕೂ ಮೆಲ್ಲಗೆ ಏರುತ್ತದೆ. ರಾತ್ರೋರಾತ್ರಿ ಒಂದು ಪಾದವನ್ನು ಬೀಳಿಸುವುದು ಅದರ ಸ್ವಭಾವವಲ್ಲ. ಮಿದುಳಿನ ಪಾರ್ಶ್ವವಾಯುವಾದರೆ ಒಂದು ಪಕ್ಕದ ಕೈಯೂ ಕಾಲೂ ಒಟ್ಟಿಗೆ ಸೋಲುತ್ತವೆ, ಮಾತು ತೊದಲುತ್ತದೆ, ನೋವು ಕಡಿಮೆ. ಬಹಳ ಹೊತ್ತು ಕುಕ್ಕರುಗಾಲಿನಲ್ಲಿ ಕುಳಿತರೆ ಮೊಣಕಾಲಿನ ಪಕ್ಕದ ನರ ಒತ್ತಿಹೋಗಿ ಪಾದ ಬೀಳುವುದುಂಟು. ಅದು ಒಂದು ಕಾಲಿನ ಮಾತಾಗಿ ಮುಗಿಯುತ್ತದೆ.

ಇನ್ನೊಂದು ರೋಗವಿದೆ, ಅದರ ಹೆಸರನ್ನು ಮನೆಗಳಲ್ಲಿ ಬಾಯಿಬಿಟ್ಟು ಹೇಳುವುದಿಲ್ಲ. ಕುಷ್ಠವೂ ಹೀಗೆಯೇ ಒಂದು ನರ ಬಿಟ್ಟು ಇನ್ನೊಂದನ್ನು ಹಿಡಿಯುತ್ತದೆ. 1873ರಲ್ಲಿ ನಾರ್ವೆಯ ಹ್ಯಾನ್ಸೆನ್ ಅವರು ಅದರ ಕ್ರಿಮಿಯನ್ನು ಕಂಡು ಒಂದೂವರೆ ಶತಮಾನ ಕಳೆದರೂ ಭಾರತದಲ್ಲಿ ಇಂದಿಗೂ ಪ್ರತಿವರ್ಷ ಲಕ್ಷದಷ್ಟು ಹೊಸ ರೋಗಿಗಳು ಪತ್ತೆಯಾಗುತ್ತಿದ್ದಾರೆ. ಆದಕಾರಣ ಒಂದೊಂದಾಗಿ ನರಗಳು ಸೋಲುವುದನ್ನು ಕಂಡ ಭಾರತೀಯ ವೈದ್ಯರು, ಪಾಶ್ಚಾತ್ಯ ವೈದ್ಯರು ಯೋಚಿಸದ ಈ ಸಂಗತಿಯನ್ನೂ ಯೋಚಿಸಲೇಬೇಕು: ಮೊಣಕೈಯ ಬಳಿ, ಮೊಣಕಾಲಿನ ಪಕ್ಕದಲ್ಲಿ ಬೆರಳಾಡಿಸಿ ನರವು ಹುರಿಯಂತೆ ದಪ್ಪವಾಗಿದೆಯೇ ಎಂದು ನೋಡಬೇಕು, ಸ್ಪರ್ಶವಿಲ್ಲದ ಮಚ್ಚೆಗಳನ್ನು ಹುಡುಕಬೇಕು. ಎರಡಕ್ಕೂ ಔಷಧವಿದೆ, ಆದರೆ ಔಷಧಗಳು ಬೇರೆ. ಕುಷ್ಠಕ್ಕೆ ಕ್ರಿಮಿನಾಶಕಗಳು ಬೇಕು. ನಾಳಗಳ ಉರಿಯೂತಕ್ಕೆ ದೇಹದ ರಕ್ಷಣಾಪಡೆಯನ್ನೇ ಅಡಗಿಸುವ ಮದ್ದು ಬೇಕು. ಒಂದರ ಬದಲು ಇನ್ನೊಂದನ್ನು ಕೊಟ್ಟರೆ ರೋಗಿಯ ಗತಿ ಏನೆಂದು ಊಹಿಸಬಹುದು. ನೆರೆಹೊರೆಯವರ ನಾಲಗೆಗೆ ಅಂಜಿ, ಆ ಪರೀಕ್ಷೆಯೇ ಬೇಡವೆಂದು ರೋಗಿಯನ್ನು ಮನೆಯಲ್ಲಿ ಬಚ್ಚಿಡುವ ಕುಟುಂಬಗಳು ಇನ್ನೂ ಇವೆ. ಅಂಥ ಮನೆಯಲ್ಲಿ ಕಳೆದುಹೋಗುವ ಒಂದೊಂದು ವಾರವೂ ಒಂದೊಂದು ನರದ ಬೆಲೆಯದು.

ನಿರ್ಣಯವಾಗುವುದು ಹೇಗೆ? ರಕ್ತಪರೀಕ್ಷೆ, ಮೂತ್ರಪರೀಕ್ಷೆಗಳು ನೆರವಾಗುತ್ತವೆ. ಮೂತ್ರದಲ್ಲಿ ರಕ್ತದ ಅಂಶ, ರಕ್ತದಲ್ಲಿ 'ಆಂಕಾ', ಹೆಪಟೈಟಿಸ್ ವೈರಸ್ಸಿನ ಕುರುಹು - ಇವೆಲ್ಲ ದಾರಿ ತೋರಿಸುವ ಕೈಮರಗಳು. ವಿದ್ಯುತ್ತಿನ ಸಣ್ಣ ತಟ್ಟುಗಳಿಂದ ನರಗಳ ಶಕ್ತಿಯನ್ನು ಅಳೆದು ಯಾವ ನರ ಎಷ್ಟು ಸೋತಿದೆಯೆಂದು ಪಟ್ಟಿಮಾಡುತ್ತಾರೆ. ಕೊನೆಯ ಮಾತು ಮಾತ್ರ ಕುಸ್ಮೌಲರ ಕಾಲದಲ್ಲಿದ್ದಂತೆ ಇಂದಿಗೂ ಸೂಕ್ಷ್ಮದರ್ಶಕದ್ದೇ. ಭೇದವೆಂದರೆ, ಅಂದು ಶವದಿಂದ ತೆಗೆದದ್ದನ್ನು ಇಂದು ಬದುಕಿರುವವನಿಂದ ತೆಗೆಯುತ್ತಾರೆ. ಹೊರಗಣ್ಣಿನ, ಅಂದರೆ ಪಾದದ ಹೊರಗಂಟಿನ, ಹಿಂಭಾಗದಲ್ಲಿ ಹಾದುಹೋಗುವ ನರವೊಂದಿದೆ; ಅದು ಸ್ಪರ್ಶಜ್ಞಾನವನ್ನು ಮಾತ್ರ ಒಯ್ಯುವಂಥದು, ಚಲನೆಗೆ ಬೇಡದ್ದು. ಆ ಭಾಗಕ್ಕೆ ಮರವಟ್ಟಿಸುವ ಚುಚ್ಚುಮದ್ದು ಕೊಟ್ಟು ಅದರದೊಂದು ತುಣುಕನ್ನು, ಕೆಲವೊಮ್ಮೆ ಜೊತೆಗೆ ಮಾಂಸಖಂಡದ ಚೂರನ್ನೂ, ತೆಗೆಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ಈ ಪರೀಕ್ಷೆ ನಡೆಯುತ್ತದೆ. ಪಾದದ ಹೊರ ಅಂಚಿನಲ್ಲಿ ಅಂಗೈಯಗಲದ ಜಾಗ ಜಡವಾಗಿ ಉಳಿದೀತು. ಆ ಬೆಲೆ ತೆತ್ತು ಸಿಕ್ಕುವ ಲಾಭವೆಂದರೆ ಊಹೆಯ ಬದಲು ನಿಶ್ಚಯ. ಮುಂದೆ ವರ್ಷಗಟ್ಟಲೆ ನುಂಗಬೇಕಾದ ಕಠಿಣ ಔಷಧಗಳಿಗೆ ನಿಶ್ಚಯವೇ ಆಧಾರ.

ನೂರಕ್ಕೆ ಹದಿಮೂರು

ಔಷಧದ ಕಥೆ ಬಹಳ ಹಿಂದಿನದಲ್ಲ. ದರ್ಜಿಯು ಸತ್ತ ಎಂಬತ್ತು ವರ್ಷಗಳವರೆಗೆ ವೈದ್ಯರಿಗೆ ಈ ರೋಗವನ್ನು ಗುರುತಿಸಲು ಬರುತ್ತಿತ್ತೇ ವಿನಾ ತಡೆಯಲು ಬರುತ್ತಿರಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ಅಮೆರಿಕದ ಮೇಯೊ ಚಿಕಿತ್ಸಾಲಯದಲ್ಲಿ ಫಿಲಿಪ್ ಹೆಂಚ್ ಅವರು ಕೀಲುವಾತದಿಂದ ನರಳುತ್ತಿದ್ದ ಹೆಂಗಸೊಬ್ಬಳಿಗೆ, ಮುಂದೆ ಕಾರ್ಟಿಸೋನ್ ಎಂದು ಹೆಸರಾದ ದ್ರವ್ಯವನ್ನು ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಳು. 1950ರಲ್ಲಿ ಹೆಂಚ್, ಕೆಂಡಾಲ್, ರೈಕ್‌ಸ್ಟೈನ್ ಮೂವರಿಗೂ ನೊಬೆಲ್ ಬಹುಮಾನ ಬಂದಿತು. ಉರಿಯೂತವನ್ನು ಅಡಗಿಸುವ ಈ ಮದ್ದನ್ನು ರಕ್ತನಾಳದ ರೋಗಗಳಲ್ಲಿ ಪ್ರಯೋಗಿಸಲು ವೈದ್ಯರು ತಡಮಾಡಲಿಲ್ಲ. ಫಲವನ್ನು ಅಂಕಿಗಳೇ ಹೇಳುತ್ತವೆ. ಅದೇ ಮೇಯೊ ಚಿಕಿತ್ಸಾಲಯದಿಂದ 1967ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಚಿಕಿತ್ಸೆಯಿಲ್ಲದ ದರ್ಜಿಯಂಥ ರೋಗಿಗಳಲ್ಲಿ ಐದು ವರ್ಷ ಬದುಕಿ ಉಳಿದವರು ನೂರಕ್ಕೆ 13 ಮಂದಿ. ಕಾರ್ಟಿಸೋನ್ ಜಾತಿಯ ಔಷಧ ಪಡೆದವರಲ್ಲಿ 48 ಮಂದಿ.

ಇನ್ನೂ ಅರ್ಧದಷ್ಟು ಜನ ಸಾಯುತ್ತಲೇ ಇದ್ದರಲ್ಲ! ಮುಂದಿನ ಹೆಜ್ಜೆ ಕ್ಯಾನ್ಸರಿನ ಔಷಧಶಾಲೆಯಿಂದ ಬಂದಿತು. ಯುದ್ಧದ ವಿಷಾನಿಲವಾದ ಸಾಸಿವೆ ಅನಿಲದ ರಾಸಾಯನಿಕ ಬಂಧುಗಳಿಂದ ಹುಟ್ಟಿದ ಸೈಕ್ಲೋಫಾಸ್ಫಮೈಡ್ ಎಂಬ ಔಷಧವು 1950ರ ದಶಕದ ಕೊನೆಯಲ್ಲಿ ಜರ್ಮನಿಯಲ್ಲಿ ಸಿದ್ಧವಾಯಿತು. ಅದನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು ದಿಕ್ಕುತಪ್ಪಿದ ರಕ್ಷಣಾಪಡೆಯನ್ನು ತಗ್ಗಿಸಬಹುದೆಂದು 1970ರ ದಶಕದಲ್ಲಿ ತೋರಿಸಿದವರಲ್ಲಿ ಆಂಥನಿ ಫೌಚಿ ಪ್ರಮುಖರು. ಕೋವಿಡ್ ಕಾಲದಲ್ಲಿ ದಿನವೂ ದೂರದರ್ಶನದಲ್ಲಿ ಕಾಣಿಸಿಕೊಂಡ ಆ ವೃದ್ಧರು ತರುಣರಾಗಿದ್ದಾಗ ಹೆಸರು ಮಾಡಿದ್ದು ಈ ಕೆಲಸದಿಂದ. 2011ರಿಂದ ಈಚೆಗೆ 'ಆಂಕಾ' ವರ್ಗದ ರೋಗಗಳಿಗೆ ರಿಟುಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧವೂ ಮಾನ್ಯತೆ ಪಡೆದಿದೆ. ಪ್ರತಿಕಾಯಗಳನ್ನು ತಯಾರಿಸುವ ಕಣಗಳ ಮೂಲಕ್ಕೇ ಅದು ಕೈ ಹಾಕುತ್ತದೆ.

ಯಾವುದೂ ಪುಕ್ಕಟೆಯಲ್ಲ. ಕಾರ್ಟಿಸೋನಿನ ಜಾತಿಯ ಪ್ರೆಡ್ನಿಸೊಲೋನ್ ಗುಳಿಗೆ ಮುಖವನ್ನು ಗುಂಡಗೆ ಮಾಡುತ್ತದೆ, ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಮೂಳೆಗಳನ್ನು ಸವೆಸುತ್ತದೆ, ನಿದ್ದೆ ಕದಿಯುತ್ತದೆ. ಸೈಕ್ಲೋಫಾಸ್ಫಮೈಡ್ ಮೂತ್ರಕೋಶಕ್ಕೆ ಹುಣ್ಣು ಮಾಡಬಲ್ಲದು; ಅದಕ್ಕೆಂದೇ ತಂಬಿಗೆಗಟ್ಟಲೆ ನೀರು ಕುಡಿಸುತ್ತಾರೆ. ಎರಡೂ ದೇಹದ ಕಾವಲನ್ನು ಸಡಿಲಿಸುವುದರಿಂದ ಒಳಗೆ ಮಲಗಿದ್ದ ಕ್ಷಯವು ಎದ್ದುಕೊಳ್ಳುವ ಭಯವುಂಟು. ಕ್ಷಯ ಹೆಚ್ಚಾಗಿರುವ ನಮ್ಮ ದೇಶದಲ್ಲಿ ಚಿಕಿತ್ಸೆಗೆ ಮೊದಲು ಅದರ ತಪಾಸಣೆಯಾಗಬೇಕು. ಮುಖ ಊದಿತೆಂದು ಹೆದರಿ, ಅಥವಾ ನೋವು ತಗ್ಗಿತಲ್ಲ ಎಂದು ಸಮಾಧಾನಪಟ್ಟು, ವೈದ್ಯರನ್ನು ಕೇಳದೆ ಗುಳಿಗೆ ನಿಲ್ಲಿಸುವುದು ಇವೆಲ್ಲಕ್ಕಿಂತ ದೊಡ್ಡ ಅಪಾಯ. ರೋಗ ಮರಳುವುದಲ್ಲದೆ, ಬಹುದಿನ ಕಾರ್ಟಿಸೋನ್ ಪಡೆದ ದೇಹವು ತನ್ನ ಪಾಲಿನದನ್ನು ತಯಾರಿಸುವುದನ್ನೇ ಮರೆತಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಪ್ರಾಣಕ್ಕೇ ಸಂಚಕಾರ.

ದಿನಕ್ಕೆ ಒಂದು ಮಿಲಿಮೀಟರು

ಔಷಧಕ್ಕೆ ಒಂದು ಮಿತಿಯಿದೆ; ಅದನ್ನು ರೋಗಿಯೂ ಮನೆಯವರೂ ಮೊದಲೇ ತಿಳಿದಿದ್ದರೆ ನಿರಾಶೆ ತಪ್ಪೀತು. ಅದು ಬೆಂಕಿಯನ್ನು ಆರಿಸುತ್ತದೆ, ಸುಟ್ಟ ಮನೆಯನ್ನು ಕಟ್ಟುವುದಿಲ್ಲ. ಸತ್ತ ನರತಂತು ಮತ್ತೆ ಬೆಳೆಯಬೇಕು. ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರು. ತೊಡೆಯ ನಡುವೆ ಕಡಿದುಹೋದ ತಂತು ಹೆಬ್ಬೆಟ್ಟನ್ನು ಮುಟ್ಟಬೇಕಾದರೆ ಎಪ್ಪತ್ತು, ಎಂಬತ್ತು ಸೆಂಟಿಮೀಟರು ನಡೆಯಬೇಕು. ಎರಡು ವರ್ಷಗಳ ಪ್ರಯಾಣ. ಅಷ್ಟರಲ್ಲಿ ದಾರಿ ತಪ್ಪುವ ತಂತುಗಳುಂಟು, ಮುಟ್ಟದೆ ನಿಲ್ಲುವವುಗಳುಂಟು. ಎಷ್ಟು ತಂತುಗಳು ಸಾಯುವ ಮೊದಲೇ ಬೆಂಕಿ ಆರಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಎರಡು ವರ್ಷಗಳಲ್ಲಿ ಮನೆಯೇ ಆಸ್ಪತ್ರೆ. ಬಿದ್ದ ಪಾದವನ್ನು ಎತ್ತಿ ಹಿಡಿಯಲು ಹಗುರವಾದ ಆಸರೆಯೊಂದನ್ನು ಬೂಟಿನೊಳಗೆ ತೊಡಿಸುತ್ತಾರೆ. ಜೋಲುವ ಮಣಿಕಟ್ಟಿಗೆ ಪಟ್ಟಿ ಕಟ್ಟುತ್ತಾರೆ. ಕೀಲುಗಳು ಬಿಗಿದುಕೊಳ್ಳದಂತೆ ದಿನವೂ ಅವನ್ನು ಆಡಿಸಬೇಕು. ಜಡವಾದ ಪಾದಕ್ಕೆ ಬಿಸಿನೀರಿನ ಚೀಲವನ್ನು ಒತ್ತಿ ಬೊಬ್ಬೆ ಬರಿಸಿದ ಮಮತಾಮಯಿ ಸೊಸೆಯರೂ ಮಕ್ಕಳೂ ಇದ್ದಾರೆ. ಚರ್ಮ ಸುಡುತ್ತಿದ್ದರೂ ರೋಗಿಗೆ ತಿಳಿಯುವುದಿಲ್ಲ. ದೇವಸ್ಥಾನದ ಪ್ರಾಕಾರದಲ್ಲಿ ಬಿಸಿಲುಗಲ್ಲಿನ ಮೇಲೆ ಬರಿಗಾಲಿನ ಪ್ರದಕ್ಷಿಣೆಯನ್ನು ಕೆಲಕಾಲ ದೇವರು ಮನ್ನಿಸಿಯಾನು. ರಾತ್ರಿ ಮಲಗುವ ಮುನ್ನ ಅಂಗಾಲನ್ನು ದೀಪದ ಬೆಳಕಿನಲ್ಲಿ ನೋಡಬೇಕು: ಮುಳ್ಳು ಚುಚ್ಚಿದೆಯೇ, ಗಾಯವಾಗಿದೆಯೇ ಎಂದು. ಉರಿಯ ನೋವಿಗೆ ಬೇರೆಯೇ ಮಾತ್ರೆಗಳಿವೆ. ಆ ಉರಿ ಹೊರಗಿನವರಿಗೆ ಕಾಣುವುದಿಲ್ಲ. ಗಾಯವಿಲ್ಲದ ಕಾಲನ್ನು ಹಿಡಿದುಕೊಂಡು ನರಳುವವರನ್ನು ಸೋಗು ಹಾಕುವವರೆಂದು ಬಗೆಯುವುದು ಸುಲಭ, ಮತ್ತು ಬಹಳ ಅನ್ಯಾಯ.

ಸ್ಪರ್ಶ ಮರಳುವುದು ಮೇಲಿನಿಂದ ಕೆಳಕ್ಕೆ. ಮೊದಲು ಮೊಣಕಾಲಿನ ಕೆಳಗೆ ಇರುವೆ ಹರಿದಂತಾಗುತ್ತದೆ. ತಿಂಗಳುಗಳು ಕಳೆದಂತೆ ಆ ಇರುವೆಯ ಸಾಲು ಮೀನಖಂಡವನ್ನು ಇಳಿದು ಹರಡನ್ನು ಸೇರುತ್ತದೆ. ಹೆಬ್ಬೆಟ್ಟಿನ ಸರದಿ ಕೊನೆಗೆ. ಹೀಗೆ ಕಾದು ಕುಳಿತವರೊಬ್ಬರು ಒಂದು ಮುಂಜಾನೆ ಬಚ್ಚಲಮನೆಗೆ ಹೋಗಲು ಕಾಲು ಕೆಳಗಿಡುತ್ತಾರೆ; ಗಾರೆಯ ನೆಲ ತಣ್ಣಗಿದೆಯೆಂದು ತಿಳಿಯುತ್ತದೆ; ಹೆಂಡತಿಯನ್ನು ಕೂಗಿ ಕರೆಯುತ್ತಾರೆ.